ಗಾಜಿನ ಗಂಟಲಿಗೆ ಮಜ್ಜಿಗೆ

ಜನವರಿ ೧೩, ಸೋಮವಾರ

ಇಂದು ಉಪವಾಸ. ಐದಕ್ಕೆ ಎದ್ದು ನೀರು ತುಂಬಿಸಿ, ಬಾಗಿಲು ಗುಡಿಸಿ, ಪಾತ್ರೆ ತೊಳೆದು, ದೀಪ ಹಚ್ಚಿದೆ. ಇವರಿಗೆ ಗಂಜಿ ಕಾಸಿಟ್ಟೆ. ಹಳೆಯ ದಿನಚರಿ ಪುಸ್ತಕ ನಿನ್ನೆಗೆ ತುಂಬಿತು, ಇದು ಹೊಸದು. ಮೊದಲ ಪುಟದಲ್ಲಿ ಒಳ್ಳೆಯ ಸುದ್ದಿ ಬರೆಯೋಣ ಅಂತ ಇದ್ದೆ.

ಗಂಜಿಯ ಮೊದಲ ಗುಟುಕಿಗೇ ಇವರು ಕೆಮ್ಮಿದರು. ಆ ಕೆಮ್ಮು ನನಗೆ ಗೊತ್ತು. ಕತ್ತಿನ ತೂತಿನ ಹತ್ತಿರ ಬಟ್ಟೆ ಹಿಡಿದರೆ ಗಂಜಿಯ ತಿಳಿ. ಗುಂಡಿ ಮತ್ತೆ ಸೋರುತ್ತಿದೆ, ಹಾಕಿಸಿ ಹದಿನೇಳೇ ದಿನ.

ಹೊಸ ಪುಸ್ತಕವಾದ್ದರಿಂದ ಮೊದಲಿಂದ ಬರೆದಿಡುತ್ತೇನೆ. ಇವರು ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಇವರು ಕೂಗಿದರೆ ಮೂರು ಬೀದಿಯಾಚೆ ಮಲಗಿದ್ದ ಮಗು ಎದ್ದು ಕೂರುತ್ತಿತ್ತು. ಇಪ್ಪತ್ತು ತಿಂಗಳ ಹಿಂದೆ ಗಂಟಲಲ್ಲಿ ಗಡ್ಡೆ ಅಂತ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಉಸಿರಾಟವೆಲ್ಲ ಕತ್ತಿನ ತೂತಿನಿಂದ. ಆ ತೂತಿನ ಒಳಗೆ, ಉಸಿರಿನ ಕೊಳವೆಗೂ ಅನ್ನದ ಕೊಳವೆಗೂ ನಡುವೆ, ಅಂಗಿಯ ಗುಂಡಿಯಷ್ಟು ದೊಡ್ಡ ರಬ್ಬರಿನಂಥದೊಂದನ್ನು ಕೂರಿಸಿದ್ದಾರೆ. ತೂತಿಗೆ ಬೆರಳು ಒತ್ತಿದರೆ ಉಸಿರು ಗುಂಡಿಯ ಮೂಲಕ ಬಾಯಿಗೆ ಹೋಗಿ ಮಾತಾಗುತ್ತದೆ. ಬೆರಳು ತೆಗೆದರೆ ಮಾತಿಲ್ಲ. ಜಗಳದಲ್ಲಿ ನಾನು ಗೆಲ್ಲುವ ಹೊತ್ತಿಗೆ ಸರಿಯಾಗಿ ಇವರು ಬೆರಳು ತೆಗೆದುಬಿಡುತ್ತಾರೆ.

ಧ್ವನಿ ಒರಟು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಮನೆಯಲ್ಲಿ ಮಾತ್ರ ಮಾತಾಡುತ್ತಾರೆ. ಹೊರಗೆ ಹೋದರೆ ಕತ್ತಿಗೆ ಬಟ್ಟೆ ಸುತ್ತಿಕೊಂಡು, ನಾನು ಬರೆದುಕೊಟ್ಟ ಚೀಟಿ ತೋರಿಸುತ್ತಾರೆ. ಮಂಡಿಯನ್ನೇ ಕೂಗಿ ಮಾರಿದವರು ಅರ್ಧ ಕಿಲೋ ಬೀನ್ಸಿಗೆ ಚೀಟಿ ಹಿಡಿದು ನಿಲ್ಲುವುದನ್ನು ಒಂದು ಸಲ ದೂರದಿಂದ ನೋಡಿದೆ. ಆಮೇಲೆ ಆ ಕಡೆ ಹೋಗಿಲ್ಲ.

ಹೋದ ಜೂನ್‌ನಲ್ಲಿ ಗಂಟಲಲ್ಲಿ ಮತ್ತೆ ಏನೋ ನೆರಳು ಕಾಣಿಸುತ್ತಿದೆ ಅಂದಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಈ ನೆರಳು ಸುಳ್ಳಾಗಲಿ, ಬದುಕಿರುವತನಕ ಮೊಸರು ಮಜ್ಜಿಗೆ ಮುಟ್ಟುವುದಿಲ್ಲ ಅಂತ ಹರಕೆ ಹೊತ್ತೆ. ನನಗೆ ಅದಕ್ಕಿಂತ ಪ್ರಿಯವಾದದ್ದು ಬೇರೆ ಇರಲಿಲ್ಲ. ನೆರಳು ಸುಳ್ಳಾಯಿತು. ಇವರೂ, "ಒಬ್ಬನಿಗೆ ಯಾಕೆ ಹೆಪ್ಪು ಹಾಕ್ತೀಯಾ, ನನಗೂ ಬೇಡ" ಅಂದರು. ಆವತ್ತಿನಿಂದ ಮೊಸರಿನ ಮಡಕೆ ಅಟ್ಟದ ಮೇಲೆ ಬೋರಲು ಬಿದ್ದಿದೆ. ದೇವರು ಮಾತು ಉಳಿಸಿಕೊಂಡ, ನಾವೂ ಉಳಿಸಿಕೊಂಡಿದ್ದೇವೆ.

ಜನವರಿ ೧೫, ಬುಧವಾರ

ಹೊಸ ಗುಂಡಿ ಹಾಕಿದರು. ತೆಗೆದದ್ದನ್ನು ಕೇಳಿ ತಂದೆ. ಕಸದ ಬುಟ್ಟಿಗೆ ಹಾಕಲು ನನಗೆ ಮನಸ್ಸು ಬಾರದು, ಇವರ ಮಾತು ಅದರಲ್ಲಿ ಓಡಾಡಿದೆ. ಕಾಗದದಲ್ಲಿ ಸುತ್ತಿ, ಹಾಕಿದ ದಿನ ತೆಗೆದ ದಿನ ಬರೆದು, ದೀಪದ ಪಕ್ಕದ ಡಬ್ಬಿಯಲ್ಲಿ ಇಡುತ್ತೇನೆ. ಇದು ಹತ್ತನೆಯದು.

ಗಂಟಲು ಡಾಕ್ಟರು ಕೈ ತೊಳೆಯುತ್ತಾ ಹೇಳಿದರು: "ಇನ್ನು ಎರಡು ಸಲ ನೋಡೋಣಮ್ಮ. ಹೀಗೇ ಬೇಗ ಬೇಗ ಸೋರಿದರೆ ಅನ್ನ ನೀರು ಶ್ವಾಸಕೋಶಕ್ಕೆ ಇಳಿಯುತ್ತೆ. ಅದಕ್ಕಿಂತ ಆ ದಾರಿ ಮುಚ್ಚಿಬಿಡೋದು ವಾಸಿ."

"ಮುಚ್ಚಿದರೆ ಮಾತು?"

"ಇರಲ್ಲ."

"ಕತ್ತಿಗೆ ಒತ್ತಿ ಹಿಡಿಯೋ ಯಂತ್ರ ಇದೆಯಂತಲ್ಲ."

"ಇವರ ಕತ್ತು ರೇಡಿಯೇಷನ್ ಚಿಕಿತ್ಸೆಯಲ್ಲಿ ಕಲ್ಲಾಗಿದೆ. ಅದು ಕೆಲಸ ಮಾಡಲ್ಲ."

ಇವರು ಕತ್ತಿನ ಬಟ್ಟೆ ಬಿಗಿಯಾಗಿ ಸುತ್ತಿಕೊಂಡರು. ಬಸ್ಸಿನಲ್ಲಿ ಕಿಟಕಿ ನೋಡುತ್ತಾ ಕೂತರು. ನಾನು ಬಾಯಲ್ಲೇ ಪ್ರಾರ್ಥನೆ ಮಾಡಿದೆ. ಎಷ್ಟು ಸಲ ಮಾಡಿದೆ ಅಂತ ಎಣಿಸಲಿಲ್ಲ.

ಜನವರಿ ೧೭, ಶುಕ್ರವಾರ

ನಾನು ಕೆಲಸಕ್ಕಿರುವುದು ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ. ಹನ್ನೊಂದು ವರ್ಷದಿಂದ ಮೂರು ಮಹಡಿ ಗುಡಿಸಿ ಒರೆಸುತ್ತೇನೆ, ಮಕ್ಕಳು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕ ತಳ್ಳುಗಾಡಿಗೆ ಹಾಕುತ್ತೇನೆ, 'ಮೌನವಾಗಿರಿ' ಬೋರ್ಡಿನ ಧೂಳು ತೆಗೆಯುತ್ತೇನೆ. ಇಂದು ಎರಡನೇ ಮಹಡಿಯಲ್ಲಿ, ಆಸ್ಪತ್ರೆಯ ಯಂತ್ರಗಳ ಬಗ್ಗೆ ಓದುವವರ ಮೇಜಿನ ಮೇಲೆ, ಒಂದು ಪುಸ್ತಕ ತೆರೆದೇ ಇತ್ತು. ಅದರಲ್ಲಿ ಕತ್ತು ಸೀಳಿ ತೋರಿಸಿದ ಚಿತ್ರ, ನಡುವೆ ಅದೇ ಗುಂಡಿ. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು.

"ಏನಮ್ಮ, ಪರೀಕ್ಷೆ ಬರೀತೀರಾ?" ಅಂತ ಹಿಂದಿನಿಂದ ಲೈಬ್ರರಿ ಮೇಡಂ. ನನಗಿಂತ ಹತ್ತು ವರ್ಷ ಚಿಕ್ಕವರು, ತುರುಬಿಗೆ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾರೆ. ಇದು ನಮ್ಮವರ ಕತ್ತಿನಲ್ಲಿದೆ ಮೇಡಂ ಅಂದೆ. ನಗು ನಿಲ್ಲಿಸಿ ಪಕ್ಕದ ಕುರ್ಚಿ ಎಳೆದು ಕೂತರು. ಎಲ್ಲ ಹೇಳಿದೆ. ಈ ಗುಂಡಿ ಯಾಕೆ ಸೋರುತ್ತೆ ಅಂತ ಆ ಪುಸ್ತಕದಲ್ಲಿ ಇದೆಯಾ ಅಂತ ಕೇಳಿದೆ.

"ಪುಸ್ತಕ ಅಚ್ಚಾಗೋ ಹೊತ್ತಿಗೆ ಹಳೇದಾಗಿರುತ್ತಮ್ಮ. ಪ್ರಪಂಚದಲ್ಲಿ ಯಾರು ಏನು ಕಂಡುಹಿಡಿದರೂ ಮೊದಲು ಒಂದು ಲೇಖನ ಬರೀತಾರೆ. ಆ ಲೇಖನಗಳನ್ನೆಲ್ಲ ತುಂಬಿಟ್ಟಿರೋ ಕಣಜ ಇಲ್ಲಿದೆ" ಅಂತ ಕಂಪ್ಯೂಟರ್ ಕಡೆ ತೋರಿಸಿದರು. ಅದಕ್ಕೆ ಡೇಟಾಬೇಸ್ ಅನ್ನುತ್ತಾರಂತೆ.

ನನಗೆ ಇಂಗ್ಲಿಷ್ ಅಕ್ಷರ ಬರುತ್ತದೆ, ಮಾತು ಬಾರದು. ಗಂಟಲು ಅಂತ ಒಂದು ಪದ ಅವರೇ ಹೊಡೆದರು. ಎರಡು ಲಕ್ಷ ಚಿಲ್ಲರೆ ಲೇಖನ ಬಂದವು.

ಎರಡು ಲಕ್ಷ. ಇವರಿಗೆ ಗಡ್ಡೆ ಬಂದ ದಿನದಿಂದ ಈ ಕಷ್ಟ ದೇವರಿಗೂ ನಮಗೂ ಮಾತ್ರ ಗೊತ್ತು ಅಂದುಕೊಂಡಿದ್ದೆ. ಹನ್ನೊಂದು ವರ್ಷ ಆ ಕಂಪ್ಯೂಟರಿನ ಗಾಜು ಒರೆಸಿದ್ದೇನೆ, ಅದರ ಹಿಂದೆ ಇಷ್ಟು ಜನ ಗಂಟಲ ಬಗ್ಗೆ ಯೋಚನೆ ಮಾಡುತ್ತಾ ಕೂತಿದ್ದಾರೆ ಅಂತ ತಿಳಿದಿರಲಿಲ್ಲ.

ಜನವರಿ ೨೦, ಸೋಮವಾರ

ಉಪವಾಸ. ಕೆಲಸ ಬೇಗ ಮುಗಿಸಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೇಡಂ ಕರೆದರು.

ಮೇಡಂ ಹೇಳಿಕೊಟ್ಟದ್ದು: ಎರಡು ಪದದ ನಡುವೆ 'ಮತ್ತು' ಹಾಕಿದರೆ ಎರಡೂ ಇರುವ ಲೇಖನ ಮಾತ್ರ ಬರುತ್ತದೆ, ರಾಶಿ ಕರಗುತ್ತದೆ. 'ಅಥವಾ' ಹಾಕಿದರೆ ಯಾವುದಿದ್ದರೂ ಬರುತ್ತದೆ, ರಾಶಿ ಬೆಳೆಯುತ್ತದೆ.

"ಗೊತ್ತಾಯ್ತು ಬಿಡಿ ಮೇಡಂ, ಗಂಡು ಹುಡುಕೋ ಹಾಗೆ. ಓದಿರಬೇಕು ಮತ್ತು ಕೆಲಸ ಇರಬೇಕು ಮತ್ತು ಅತ್ತೆ ಇರಬಾರದು ಅಂತ ಹೋದರೆ ಕೊನೆಗೆ ಯಾರೂ ಉಳಿಯಲ್ಲ."

ಮೇಡಂ ಪೆನ್ಸಿಲ್ ಬೀಳುವಷ್ಟು ನಕ್ಕರು. "ಮೂರನೇ ವರ್ಷದವರಿಗೆ ಮೂರು ದಿನ ಹೇಳಿದರೂ ಅರ್ಥ ಆಗಲ್ಲ ಇದು" ಅಂದರು.

ಗುಂಡಿಯ ಹೆಸರು 'ಮತ್ತು' ಸೋರುವುದು ಅಂತ ಹಾಕಿದೆವು. ಎರಡು ಲಕ್ಷ ಹೋಗಿ ಎಂಟುನೂರ ಹನ್ನೆರಡು ಆಯಿತು. ದಪ್ಪ ಜರಡಿ ಆಯಿತು, ಸಣ್ಣ ಜರಡಿ ಹಿಡಿಯೋಣ ಅಂದೆ. ಮೇಡಂ ಕೇಳಿದರು: "ತೆಗೆದ ಗುಂಡಿ ನೋಡಿದ್ದೀರಲ್ಲ, ಹೇಗಿರುತ್ತೆ?"

"ಬೂಷ್ಟು ಹಿಡಿದಿರುತ್ತೆ. ನೀರು ತಾಗಿದ ಉಪ್ಪಿನಕಾಯಿ ಜಾಡಿ ಥರ, ಬೆಳ್ಳಗೆ."

"ಇದನ್ನ ಡಾಕ್ಟರಿಗೆ ಹೇಳಿದ್ರಾ?"

"ಅವರೇ ತೆಗೆಯೋರು, ಅವರಿಗೆ ಕಾಣಲ್ವಾ?"

ಬೂಷ್ಟಿಗೆ ಅವರ ಶಾಸ್ತ್ರದಲ್ಲಿ ಬೇರೆ ಹೆಸರಿದೆ. ಊರಿಗೊಂದು ಹೆಸರಿದ್ದರೆ ಹುಡುಕುವವರಿಗೆ ಕಷ್ಟ ಅಂತ, ತಿಳಿದವರು ಕೂತು ಒಂದೊಂದು ವಸ್ತುವಿಗೂ ಒಂದೇ ಹೆಸರು ಗೊತ್ತುಮಾಡಿ ಪಟ್ಟಿ ಇಟ್ಟಿದ್ದಾರಂತೆ. ಮೇಡಂ ಪಟ್ಟಿ ತೆರೆದು ಬೂಷ್ಟನ್ನು ಹುಡುಕಿದರು. ಇತ್ತು. ನನ್ನ ಜಾಡಿಯ ಬೂಷ್ಟಿಗೂ ಅಲ್ಲಿ ಒಂದು ಜಾಗ ಮಾಡಿಟ್ಟಿದ್ದಾರೆ. ಅದನ್ನು 'ಮತ್ತು' ಅಂತ ಸೇರಿಸಿದೆವು. ನಲವತ್ತೊಂದು ಉಳಿದವು.

ಹಸಿವೆಯ ನೆನಪೇ ಆಗಲಿಲ್ಲ.

ಜನವರಿ ೨೧, ಮಂಗಳವಾರ

ಇವರ ಅಕ್ಕ ಬಂದಿದ್ದರು, ಎರಡು ಬೀದಿಯಾಚೆ ಮನೆ. ನಾನು ನಲವತ್ತೊಂದು ಲೇಖನದ ವಿಷಯ ಹೇಳಿದೆ. "ಕಸ ಗುಡಿಸೋ ಕೈಗೆ ಕಾಲೇಜಿನ ಗಾಳಿ ಬಡೀತು. ಇನ್ನು ಡಾಕ್ಟರು ಕಸ ಗುಡಿಸ್ತಾರೆ, ನೀನು ಆಪರೇಷನ್ ಮಾಡು" ಅಂದರು. ಇವರು ಬೆರಳಿಟ್ಟು, "ಅಕ್ಕ, ಅವಳು ಗುಡಿಸಿದ ಜಾಗ ನೋಡಿದ್ದೀಯಾ? ಡಾಕ್ಟರಿಗಿಂತ ಶುದ್ಧ" ಅಂದರು. ಸಂಜೆತನಕ ನಾನು ಇವರ ಮೇಲೆ ಸಿಟ್ಟು ಮಾಡಲಿಲ್ಲ.

ಜನವರಿ ೨೪, ಶುಕ್ರವಾರ

ಇಂದಿನದನ್ನು ನಿಧಾನವಾಗಿ ಬರೆಯುತ್ತೇನೆ.

ಪ್ರತಿ ಲೇಖನದ ತಲೆಯ ಮೇಲೆ ಹತ್ತು ಸಾಲಿನ ಸಾರ ಇರುತ್ತದೆ. ಪೂರ್ತಿ ಓದಬೇಕೋ ಬೇಡವೋ ಅಂತ ಅದರಿಂದಲೇ ತೀರ್ಮಾನ. ಮೇಡಂ ಒಂದೊಂದೇ ಸಾರ ಓದಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಇಪ್ಪತ್ತಾರನೆಯದನ್ನು ಎರಡು ಸಲ ಓದಿದರು.

"ಅಮ್ಮ, ಇವರು ಗಂಟಲು ಮಾಡಿದ್ದಾರೆ."

"ಯಾರಿಗೆ?"

"ಯಾರಿಗೂ ಅಲ್ಲ. ಬರೀ ಗಂಟಲು. ಗಾಜು, ಕೊಳವೆ. ಅದರಲ್ಲಿ ನಿಮ್ಮ ಗುಂಡಿ ಕೂರಿಸಿ, ಮೈ ಬಿಸಿಯಷ್ಟೇ ಬಿಸಿ ಇಟ್ಟು, ಬೂಷ್ಟು ಬಿತ್ತಿ, ದಿನಕ್ಕೆ ಮೂರು ಹೊತ್ತು ಒಂದೊಂದು ಗಂಟಲಿಗೆ ಒಂದೊಂದು ಥರ ಕುಡಿಸಿ, ಯಾವುದರಲ್ಲಿ ಬೂಷ್ಟು ಕಡಿಮೆ ಆಗುತ್ತೆ ಅಂತ ನೋಡಿದ್ದಾರೆ."

ಮನುಷ್ಯನಿಲ್ಲದ ಗಂಟಲು. ಹಸಿವು ಬಾಯಾರಿಕೆ ಯಾವುದೂ ಇಲ್ಲದ್ದು. ಅದಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಯಾರೋ ಬಂದು ತಪ್ಪದೆ ಕುಡಿಸಿದ್ದಾರೆ. ಬೇಸರ ಆಗಿರಬೇಕು, ಮನೆಯಲ್ಲಿ ಮಕ್ಕಳಿಗೆ ಜ್ವರ ಬಂದಿರಬೇಕು, ಆದರೂ ಬಂದಿದ್ದಾರೆ. ನಾನು ಮೂವತ್ತು ವರ್ಷದಿಂದ ದೀಪ ಹಚ್ಚುತ್ತೇನೆ. ನೆಗಡಿ ಬಂದ ದಿನ ನೀರಿಗೆ ಕೈ ಹಾಕಲಾರದೆ ಬಿಟ್ಟದ್ದೂ ಇದೆ. ಇವರ ಮುಖ ಅವರು ನೋಡಿಲ್ಲ. ಇವರಿಗೋಸ್ಕರ ಆ ಗಾಜಿಗೆ ಕುಡಿಸಿದ್ದಾರೆ. ಇದಕ್ಕೆ ಏನನ್ನಬೇಕು? ನನಗೆ ಗೊತ್ತಿರುವ ಮಾತು ಪೂಜೆ ಒಂದೇ.

ಏನು ಕುಡಿಸಿದರು ಅಂತ ಸಾರದಲ್ಲಿ 'ಹಾಲಿನ ಪದಾರ್ಥ' ಅಂತ ಮಾತ್ರ ಇದೆ. ಪೂರ್ತಿ ಲೇಖನ ನಮ್ಮ ಲೈಬ್ರರಿಯಲ್ಲಿ ಇಲ್ಲ, ದುಡ್ಡು ಕಟ್ಟದವರಿಗೆ ಬೀಗ ಹಾಕಿದೆ. ಬೇರೆ ಲೈಬ್ರರಿಯಿಂದ ತರಿಸಬಹುದು ಅಂತ ಮೇಡಂ ಅರ್ಜಿ ತುಂಬಿದರು. ಕೇಳುವವರ ಹೆಸರು ಅನ್ನುವ ಕಡೆ ನನ್ನ ಹೆಸರು ಬರೆದರು.

ಜನವರಿ ೨೯, ಬುಧವಾರ

ಲೇಖನ ಬಂತು. ಹನ್ನೊಂದು ಹಾಳೆ.

ಅವರಿಗೆ ಈ ಯೋಚನೆ ಹೊಳೆದದ್ದು ರೋಗಿಗಳಿಂದಲೇ ಅಂತ ಮೊದಲ ಹಾಳೆಯಲ್ಲೇ ಬರೆದಿದ್ದಾರೆ. ಗುಂಡಿ ಹಾಕಿಸಿಕೊಂಡವರು ಕೆಲವರು, ದಿನಾ ಮಜ್ಜಿಗೆ ಕುಡಿದರೆ ಹೆಚ್ಚು ದಿನ ಬರುತ್ತೆ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ. ಆ ಮಾತನ್ನು ಲೇಖನ ಬರೆದವರು ತಳ್ಳಿಹಾಕಲಿಲ್ಲ. ಗಾಜಿನ ಗಂಟಲು ಮಾಡಿ ಮಜ್ಜಿಗೆ ಕುಡಿಸಿ ನೋಡಿದರು. ಮಜ್ಜಿಗೆ ಕುಡಿದ ಗಂಟಲಲ್ಲಿ ಬೂಷ್ಟು ಕಡಿಮೆ. ಇದು ಗಾಜಿನಲ್ಲಿ ಕಂಡದ್ದು, ಮನುಷ್ಯರಲ್ಲಿ ಇನ್ನೂ ನೋಡಬೇಕು ಅಂತಲೂ ಬರೆದಿದ್ದಾರೆ. ಅಷ್ಟೆಲ್ಲ ದುಡಿದವರು, ನಮಗೆ ಇಷ್ಟೇ ಗೊತ್ತು ಅಂತ ಬರೆದುಕೊಂಡಿದ್ದಾರೆ.

"ಮೊದಲಿಂದಲೂ ಹತ್ತೊಂಬತ್ತೇ ದಿನವಾ ಅಮ್ಮ?" ಅಂತ ಮೇಡಂ ಕೇಳಿದರು. ಡಬ್ಬಿ ನನ್ನ ಚೀಲದಲ್ಲೇ ಇತ್ತು, ತೋರಿಸೋಣ ಅಂತ ತಂದಿದ್ದೆ. ಹತ್ತು ಚೀಟಿ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಮೇಡಂ ಪೆನ್ಸಿಲ್ ತೆಗೆದು ದಿನ ಎಣಿಸಿದರು. ನೂರ ಮೂವತ್ತೊಂದು. ನೂರ ಇಪ್ಪತ್ತನಾಲ್ಕು. ನೂರ ಹದಿನೆಂಟು. ಆಮೇಲೆ ಐವತ್ತೆರಡು, ನಲವತ್ತೊಂದು, ಮೂವತ್ತಾರು, ಹೀಗೆ ಇಳಿದು ಇಳಿದು ಹತ್ತೊಂಬತ್ತು.

"ಇಲ್ಲಿ ಏನೋ ಆಗಿದೆ, ಜೂನ್‌ನಲ್ಲಿ. ಏನು ಬದಲಾಯ್ತು? ಔಷಧಿ?"

"ಇಲ್ಲ."

"ಊಟ?"

"ಅದೇ ಊಟ" ಅಂದೆ. ಅನ್ನುತ್ತಲೇ ಅಟ್ಟದ ಮೇಲಿನ ಮಡಕೆ ನೆನಪಾಯಿತು.

ಮಹಡಿ ಮೆಟ್ಟಿಲು ಎರಡು ಸಲ ಒರೆಸಿದೆ. ಹರಕೆಯ ವಿಷಯ ಮೇಡಂಗೆ ಹೇಳಲಿಲ್ಲ.

ಜನವರಿ ೩೦, ಗುರುವಾರ

ಕೆಲಸಕ್ಕೆ ಹೋದೆ, ಬಂದೆ. ದೀಪ ಹಚ್ಚಿದೆ, ಎದುರು ಕೂರಲಿಲ್ಲ.

ಫೆಬ್ರವರಿ ೩, ಸೋಮವಾರ

ಉಪವಾಸ. ಐದು ದಿನದಿಂದ ಒಂದೇ ಯೋಚನೆ. ಮಜ್ಜಿಗೆ ಮತ್ತೆ ಮನೆಗೆ ಬಂದರೆ ಹರಕೆ ಮುರಿಯುತ್ತದೆ, ಆ ನೆರಳು ತಿರುಗಿ ಬಂದರೆ ನಾನೇ ಕರೆದ ಹಾಗೆ. ಬಾರದಿದ್ದರೆ ಇವರ ಮಾತು ಹೋಗುತ್ತದೆ, ಅದೂ ನಾನೇ ಕಳೆದ ಹಾಗೆ. ದೇವರಿಗೆ ಕೊಟ್ಟದ್ದು ಒಳ್ಳೆಯದೇ ಮಾಡುತ್ತದೆ ಅಂತ ನಂಬಿದವಳು ನಾನು. ಏಳು ತಿಂಗಳಿಂದ ಈ ಕೈಯಾರೆ ಬೂಷ್ಟು ಸಾಕಿದೆನೇ?

ಬೆಳಿಗ್ಗೆ ಇವರಿಗೆ ಎಲ್ಲ ಹೇಳಿಬಿಟ್ಟೆ. ನೀವು ಬಿಟ್ಟದ್ದು ನನ್ನ ಜೊತೆಗೆ ಅಂತ, ನಿಮಗೆ ಹರಕೆಯ ಕಟ್ಟಿಲ್ಲ, ನೀವು ಕುಡೀರಿ ಅಂದೆ.

"ನೀನು?"

"ನಾನು ಕೊಟ್ಟ ಮಾತು."

"ಹಾಗಾದರೆ ನನಗೂ ಬೇಡ" ಅಂತ ಬೆರಳು ತೆಗೆದರು. ನಾನು ಅತ್ತೆ. ಅವರು ಗೋಡೆ ನೋಡಿದರು. ಆಮೇಲೆ ಬೆರಳಿಟ್ಟರು. ಇಷ್ಟು ಉದ್ದ ಮಾತು ಎರಡು ವರ್ಷದಲ್ಲಿ ಆಡಿರಲಿಲ್ಲ, ನಡುವೆ ನಾಲ್ಕು ಸಲ ಉಸಿರು ತೆಗೆದುಕೊಂಡರು.

"ಮಂಡಿಯಲ್ಲಿ ಒಂದು ಕಟ್ಟಳೆ ಇದೆ. ತನ್ನದಲ್ಲದ ಮಾಲು ಹರಾಜಿಗೆ ಕೂಗೋ ಹಾಗಿಲ್ಲ. ಕೂಗಿದರೆ ಆ ವ್ಯಾಪಾರ ರದ್ದು. ನೀನು ದೇವರ ಮುಂದೆ ಇಡೀ ಮಡಕೆ ಕೂಗಿದೆ. ಅದರಲ್ಲಿ ಅರ್ಧ ನಂದು. ನನ್ನ ಕೇಳಿದ್ಯಾ?"

ಕೇಳಿರಲಿಲ್ಲ.

ದೀಪದ ಮುಂದೆ ಹೋಗಿ ಕೂತೆ. ನಾನು ಕೊಟ್ಟದ್ದು ಪೂರ್ತಿ ನನ್ನದಾಗಿರಲಿಲ್ಲ, ತಿಳಿಯದೆ ಕೂಗಿದೆ, ಹಿಂದಕ್ಕೆ ಕೊಡು ಅಂತ ಕೇಳಿದೆ. ಬದಲಿಗೆ ಸಿಹಿ ಬಿಟ್ಟೆ. ಇವರಿಗೆ ಸಿಹಿ ಸೇರದು, ಮನೆಯ ಸಕ್ಕರೆ ಬೆಲ್ಲ ಎಲ್ಲ ತಿನ್ನುವವಳು ನಾನೊಬ್ಬಳೇ. ಈ ಸಲ ವಿಚಾರಿಸಿಕೊಂಡೇ ಕೊಟ್ಟೆ.

ಫೆಬ್ರವರಿ ೪, ಮಂಗಳವಾರ

ಹೆಪ್ಪಿಗೆ ಇವರ ಅಕ್ಕನ ಮನೆಗೆ ಹೋದೆ. "ಏನು, ಹರಕೆ ಹಳಸಿತಾ?" ಅಂದರು. ಲೇಖನದ ವಿಷಯ ಹೇಳಿದೆ. ಕೇಳಿ ಎದ್ದು ಒಳಗೆ ಹೋದರು. ಹೆಪ್ಪು ಒಂದು ಚಮಚ ಕೇಳಿದ್ದೆ, ಒಂದು ಲೋಟ ತಂದರು. "ಅವನು ಚಿಕ್ಕವನಿದ್ದಾಗ ಮಜ್ಜಿಗೆ ಕದ್ದು ಕುಡಿದು ಮೀಸೆ ಮಾಡ್ಕೊಂಡು ಬರ್ತಿದ್ದ" ಅಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಮಡಕೆ ಇಳಿಸಿದೆ. ಒಳಗೆ ಜೇಡ ಮನೆ ಕಟ್ಟಿತ್ತು.

ಫೆಬ್ರವರಿ ೫, ಬುಧವಾರ

ಡಾಕ್ಟರಿಗೆ ಹನ್ನೊಂದು ಹಾಳೆ ಕೊಟ್ಟೆ, ಹತ್ತು ಚೀಟಿಯ ಲೆಕ್ಕವನ್ನೂ. ನಿಂತುಕೊಂಡೇ ಓದಿದರು. ಹೊರಗೆ ಜನ ಕೆಮ್ಮುತ್ತಿದ್ದರು, ಆದರೂ ಓದಿದರು.

"ಮಜ್ಜಿಗೆ ವಿಷಯ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಕುಡೀಲಿ, ತೊಂದರೆ ಇಲ್ಲ. ಗುಂಡಿ ಬ್ರಷ್ ಮಾಡೋದು, ಔಷಧಿ, ಯಾವುದೂ ಬಿಡಬಾರದು. ನಾನು ಮಾತು ಕೊಡಲ್ಲಮ್ಮ, ನೋಡೋಣ. ಯಾರು ಹುಡುಕಿದ್ದು ಇದನ್ನ?"

"ನಾನು 'ಮತ್ತು' ಲೈಬ್ರರಿ ಮೇಡಂ" ಅಂದೆ.

ಫೆಬ್ರವರಿ ೧೦, ಸೋಮವಾರ

ಇಪ್ಪತ್ತಾರನೇ ದಿನ. ಸೋರಿಲ್ಲ. ಬಾಯಿಬಿಟ್ಟು ಹೇಳಲು ಹೆದರಿಕೆ, ಬರೆಯುತ್ತೇನೆ.

ಲೇಖನದ ಕೊನೆಯಲ್ಲಿ ಅವರಿಗಿಂತ ಮೊದಲು ಯಾರು ಯಾರು ಏನು ಕಂಡುಹಿಡಿದರು ಅಂತ ಐವತ್ತಮೂರು ಹೆಸರು ಬರೆದಿದ್ದಾರೆ. ಆ ಒಬ್ಬೊಬ್ಬರ ಲೇಖನದ ಕೊನೆಯಲ್ಲೂ ಇನ್ನಷ್ಟು ಹೆಸರು. ಮೇಡಂ ಒತ್ತುತ್ತಾ ಹೋದರು, ಹಿಂದೆ, ಇನ್ನೂ ಹಿಂದೆ. ಕಂಡದ್ದನ್ನು ಬಚ್ಚಿಟ್ಟುಕೊಳ್ಳದೆ ಮುಂದಿನವರ ಕೈಗೆ ಕೊಟ್ಟು ಹೋಗಿದ್ದಾರೆ. ಎಷ್ಟೋ ಜನ ಈಗ ಇಲ್ಲ ಅಂತೆ. ನಾನು ಕಂಪ್ಯೂಟರಿಗೆ ಕೈ ಮುಗಿದೆ. ಮೇಡಂ ನಗಲಿಲ್ಲ.

ಮೊದಲ ಹಾಳೆಯ ಕೆಳಗೆ ಬರೆದವರ ವಿಳಾಸ ಇರುತ್ತದೆ. ಯಾರು ಬೇಕಾದರೂ ಕೇಳಬಹುದಂತೆ. "ಗುಡಿಸೋರೂ?" ಅಂದೆ. "ಯಾರು ಬೇಕಾದರೂ ಅಂದೆನಲ್ಲಮ್ಮ" ಅಂದರು. ಆ ಗಾಜಿನ ಗಂಟಲು ಮಾಡಿದವರಲ್ಲಿ ಒಬ್ಬರು ಹೆಂಗಸು. ಅವರಿಗೇ ಬರೆದೆ. ಹತ್ತು ಗುಂಡಿ, ಹತ್ತು ಚೀಟಿ ನನ್ನ ಹತ್ತಿರ ಇವೆ, ಮೊದಲಿನ ಮೂರು ಮಜ್ಜಿಗೆ ಇದ್ದ ಕಾಲದವು, ಆಮೇಲಿನ ಏಳು ಇಲ್ಲದ ಕಾಲದವು, ಬೇಕಾದರೆ ಕಳಿಸುತ್ತೇನೆ ಅಂತ. ಆ ಗಂಟಲಿಗೆ ಭಾನುವಾರ ಯಾರು ಕುಡಿಸುತ್ತಿದ್ದರು ಅಂತಲೂ ಕೇಳಿದೆ. ಮೇಡಂ ಇಂಗ್ಲಿಷ್ ಮಾಡಿ ಕಳಿಸಿದರು.

ಮಾರ್ಚ್ ೨೪, ಸೋಮವಾರ

ಅರವತ್ತೆಂಟನೇ ದಿನ. ಬೆಳಿಗ್ಗೆ ಇವರು ಒಂದು ಲೋಟ ನೀರು ಗಟಗಟ ಕುಡಿದು ನನ್ನ ಕಡೆ ನೋಡಿದರು. ಬಟ್ಟೆ ಹಿಡಿದೆ. ಒಣಗಿತ್ತು. ಮೊನ್ನೆ ಡಾಕ್ಟರೂ, ಮುಚ್ಚುವ ಮಾತು ಸದ್ಯಕ್ಕೆ ಬೇಡ ಅಂದಿದ್ದಾರೆ. ದೀಪ ಹಚ್ಚಿ ತುಂಬ ಹೊತ್ತು ಕೂತೆ, ಏನೂ ಕೇಳಲಿಲ್ಲ.

ಏಳು ಗಂಟೆಗೆ ಮೇಡಂ ಫೋನು. ಆ ಹೆಂಗಸಿನಿಂದ ಉತ್ತರ ಬಂದಿದೆಯಂತೆ, ಎರಡು ಪುಟ. ಅಚ್ಚು ಹಾಕಿ, ಕನ್ನಡದಲ್ಲಿ ಬರೆದು, ಲಕೋಟೆಗೆ ಹಾಕಿ ಲೈಬ್ರರಿಯಲ್ಲಿ ಇಟ್ಟಿದ್ದಾರೆ. ಓದಿ ಹೇಳಬೇಡಿ, ನಾನೇ ಓದುತ್ತೇನೆ ಅಂದೆ. ಇಂದು ರಜೆಯನ್ನೂ ಕೇಳಿದೆ. ಹನ್ನೊಂದು ವರ್ಷದಲ್ಲಿ ಸೋಮವಾರ ರಜೆ ಕೇಳಿದ್ದು ಇದೇ ಮೊದಲು ಅಂತ ಅವರಿಗೆ ಅನುಮಾನ ಬಂತು. ಕಾರಣ ಹೇಳಿದ ಮೇಲೆ ಒಪ್ಪಿದರು.

ಇಲ್ಲಿಂದ ಮುಂದಿನದು ನಿಮಗೆ. ಪುಸ್ತಕ ಗಂಜಿ ಲೋಟದ ಪಕ್ಕ ತೆರೆದಿಟ್ಟಿರುತ್ತೇನೆ, ಓದಿ.

ನನಗೆ ಇಂದು ಉಪವಾಸ, ಕಾಲಲ್ಲಿ ಬಲವಿಲ್ಲ. ಉಪವಾಸದ ದಿನವೇ ಮೂರು ಮಹಡಿ ಒರೆಸಿದವಳು ಅಂತ ನೀವು ಅಂದರೆ ನಾನೂ ಬಾಯಿ ಮುಚ್ಚಿ ಗೋಡೆ ನೋಡುತ್ತೇನೆ, ನಿಮ್ಮಿಂದಲೇ ಕಲಿತದ್ದು. ಲೈಬ್ರರಿ ಬಾಗಿಲು ದಾಟಿದರೆ ಎದುರಿಗೇ ಮೇಜು, ತುರುಬಲ್ಲಿ ಪೆನ್ಸಿಲ್ ಇರುವವರೇ ಮೇಡಂ. ಚೀಟಿ ಬರೆದುಕೊಡುವುದಿಲ್ಲ. ಲಕೋಟೆ ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಕೊಡಿ ಅಂತ ಅವರಿಗೆ ಹೇಳಿಯಾಗಿದೆ. ಅಲ್ಲಿ 'ಮೌನವಾಗಿರಿ' ಅಂತ ಬೋರ್ಡು ಇದೆ, ನೋಡಿ ಹಿಂದಕ್ಕೆ ಬರಬೇಡಿ. ಅದನ್ನು ಒರೆಸುವವಳು ನಾನೇ. ಕತ್ತಿನ ಬಟ್ಟೆ ತೆಗೆದು, ಬೆರಳಿಟ್ಟು, ನನ್ನ ಹೆಸರು ಹೇಳಿ, ನನಗೆ ಬಂದ ಉತ್ತರ ಕೇಳಿ ತನ್ನಿ.